ತಾಮ್ರದ ತಂಬಿಗೆಯ ಔಷಧಿ

ನಾಳೆ ಬೆಳಿಗ್ಗೆ ಹತ್ತಕ್ಕೆ ಠಾಣೆ ನಗರದ ಆಸ್ಪತ್ರೆಯಲ್ಲಿ ಪುಂಡರೀಕಾಕ್ಷರ ಎಡಗಾಲಿನ ಹೆಬ್ಬೆರಳು ಕತ್ತರಿಸುವುದೆಂದು ನಿಶ್ಚಯವಾಗಿತ್ತು. ಡೊಂಬಿವಲಿಯ ತಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬರಿಗಾಲಲ್ಲೇ ಓಡಾಡಿದ ಆಸಾಮಿ ಅವರು. ಅನ್ನ ಬೇಯುವ ಜಾಗಕ್ಕೆ ಚಪ್ಪಲಿ ಸಲ್ಲದು ಎಂಬ ಹಟ, ಸಕ್ಕರೆ ಕಾಯಿಲೆ ಬಂದ ಮೇಲೂ ಬಿಡಲಿಲ್ಲ. ಕಾದ ಸಾಂಬಾರು ಚೆಲ್ಲಿತು, ಗುಳ್ಳೆ ಒಡೆಯಿತು, ಗಾಯ ಕೀವು ಕಟ್ಟಿತು.

ಗಾಯ ತೊಳೆಯುವ ಔಷಧಿ ಮಾಡಿಕೊಟ್ಟವಳು ಸೊಸೆ ಶ್ರೀಪ್ರಿಯಾ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಂಪನಿಯೊಂದರ ಕೆಮಿಸ್ಟ್. ಡಾಕ್ಟರು ಬರೆದ ಅಳತೆಗೆ ಕ್ಲೋರಿನ್ ಇರುವ ಹೈಪೋಕ್ಲೋರೈಟನ್ನು ಕಾಯಿಸಿ ಆರಿಸಿದ ನೀರಲ್ಲಿ ತೆಳುಮಾಡಿ, ಚರ್ಮ ಸುಡದಂತೆ ಅಡುಗೆ ಸೋಡಾ ಬೆರೆಸಿ, ವಾರಕ್ಕೆರಡು ಸಲ ಕಂದು ಬಾಟಲಿಗೆ ತುಂಬಿಡುತ್ತಿದ್ದಳು. ಹನ್ನೆರಡು ದಿನವಾದರೂ ಕೀವು ನಿಲ್ಲಲಿಲ್ಲ. ಅಳತೆ ತಪ್ಪಿತೇ ಎಂದು ಹತ್ತು ಸಲ ಲೆಕ್ಕ ಹಾಕಿದ್ದಳು.

ಅಂದು ರಜೆ ಹಾಕಿ ಮನೆಯಲ್ಲಿದ್ದ ಶ್ರೀಪ್ರಿಯಾ, ಅತ್ತೆ ವಾರಿಜಾ ಮಧ್ಯಾಹ್ನ ಗಾಯ ತೊಳೆಯುವುದನ್ನು ಮೊದಲ ಸಲ ಕಂಡಳು. ಔಷಧಿ ತಾಮ್ರದ ತಂಬಿಗೆಯಲ್ಲಿತ್ತು! ಬಗ್ಗಿ ಮೂಸಿದಳು. ಕ್ಲೋರಿನ್ ವಾಸನೆಯೇ ಇಲ್ಲ. ಹೋಟೆಲಿನಲ್ಲಿ ತರಕಾರಿ ತೊಳೆಯುವ ನೀರಿಗೆ ಅದ್ದಿ ನೋಡುವ ಕಾಗದದ ಪಟ್ಟಿ ತಂದು ಅದ್ದಿದಳು. ಕ್ಲೋರಿನ್ ಇದ್ದರೆ ನೇರಳೆಯಾಗಬೇಕಿದ್ದ ಪಟ್ಟಿ ಬೆಳ್ಳಗೇ ಉಳಿಯಿತು.

"ಅತ್ತೆ, ಇದಕ್ಕೆ ಯಾಕೆ ಸುರಿದ್ರಿ?"

"ಕೆಮಿಕಲ್ ಬಾಟ್ಲಿಯಲ್ಲಿ ಎಂತ ಇಡುದು ಮಾರಾಯ್ತಿ? ನೀನು ಡ್ಯೂಟಿಗೆ ಹೋದ ಕೂಡ್ಲೆ ನಾನು ಇದಕ್ಕೆ ಹಾಕಿ ಇಡ್ತೇನೆ. ತಾಮ್ರದಲ್ಲಿ ಇಟ್ರೆ ನೀರು ಇನ್ನೂ ಶುದ್ಧ ಅಲ್ವಾ?"

"ಕುಡಿಯುವ ನೀರಿಗೆ ಆಯ್ತು. ಈ ಔಷಧಿ ತಾಮ್ರಕ್ಕೆ ತಾಗಿದ್ರೆ ಒಡೆದು ಹೋಗ್ತದೆ. ಇಷ್ಟು ದಿನ ನೀವು ತೊಳೆದದ್ದು ಬರೀ ಉಪ್ಪುನೀರಲ್ಲಿ!"

ವಾರಿಜಾರ ಕೈಯಿಂದ ಹತ್ತಿಬಟ್ಟೆ ಜಾರಿತು. "ಹಾಗಾದ್ರೆ ಬೆರಳು ತೆಗೆಯುವ ಹಾಗೆ ಮಾಡಿದ್ದು ನಾನೇಯಾ?"

ಶ್ರೀಪ್ರಿಯಾ ತಂಬಿಗೆಯನ್ನು ಬಚ್ಚಲಿಗೆ ಬಗ್ಗಿಸಿ, ಡಾಕ್ಟರಿಗೆ ಫೋನ್ ಮಾಡಿದಳು.

ಫೋನಿನಲ್ಲಿ ಡಾಕ್ಟರು ಬೈದರು, ಆಮೇಲೆ ಯೋಚಿಸಿದರು. ಕೀವು ಮೂಳೆಗೆ ಇನ್ನೂ ತಗುಲಿಲ್ಲ. ಇವತ್ತೇ ಅಡ್ಮಿಟ್ ಮಾಡಿ, ಎರಡು ದಿನ ನೋಡೋಣ ಎಂದರು. ಆಸ್ಪತ್ರೆಯಲ್ಲಿ ಕೆಂಪು ಏರಿದಲ್ಲಿಂದ ತುಸು ಮೇಲೆ ಪೆನ್ನಿನಿಂದ ಗೆರೆ ಎಳೆದರು. ಗೆರೆ ದಾಟಿದರೆ ಯಾರನ್ನೂ ಕೇಳುವುದಿಲ್ಲ, ಕತ್ತರಿಸುತ್ತೇನೆ ಎಂದರು.

ಗಂಡ ಸಾತ್ವಿಕ ಹೋಟೆಲು ನೋಡಿಕೊಂಡ. ಶ್ರೀಪ್ರಿಯಾ ಹೊಸ ಔಷಧಿ ಮಾಡಿ ತಂದಳು. ಡಾಕ್ಟರ ಒಪ್ಪಿಗೆ ಪಡೆದು ಹೊತ್ತು ಹೊತ್ತಿಗೆ ತಾನೇ ತೊಳೆದಳು. ಮೊದಲ ಸಂಜೆ ಕೆಂಪು ಆ ಪೆನ್ನಿನ ಗೆರೆಯನ್ನು ಮುಟ್ಟಿಯೇ ಬಿಟ್ಟಿತು. ಮರುದಿನ ಅಲ್ಲೇ ನಿಂತಿತು. ಎರಡೂ ದಿನ ಬಾಗಿಲ ಬಳಿ ಕೂತಿದ್ದ ಅತ್ತೆಯನ್ನು ಅವಳು ಗಾಯದ ಹತ್ತಿರ ಬರಗೊಡಲಿಲ್ಲ.

ಮೂರನೆಯ ಬೆಳಿಗ್ಗೆ ಡಾಕ್ಟರು ಬ್ಲೇಡಿನಿಂದ ಗಾಯದ ಅಂಚು ಕೆರೆದರು. ಕಪ್ಪು ಚರ್ಮದಡಿ ಹಸಿ ರಕ್ತ ಒಸರಿತು.

"ಜಿವಂತ ಆಹೆ," ಎಂದರು ಡಾಕ್ಟರು. "ಬೆರಳಿಗೆ ಜೀವ ಇದೆ, ಕತ್ತರಿಸೋದು ಬೇಡ. ಇನ್ನೊಂದು ತಿಂಗಳು ಹೀಗೇ ತೊಳೀರಿ."

ಪುಂಡರೀಕಾಕ್ಷರು ಸೊಸೆಗೆ ಕೈಮುಗಿದರು. ವಾರಿಜಾ ಮಾತ್ರ ಗೋಡೆಗೆ ಮುಖ ಮಾಡಿ ಅತ್ತರು. "ಇನ್ನು ಆ ಗಾಯಕ್ಕೆ ನಾನು ಕೈ ಹಾಕುದಿಲ್ಲ."

ಶ್ರೀಪ್ರಿಯಾ ಅತ್ತೆಯ ಬಳಿ ಹೋಗಿ ಹೊಸ ಹತ್ತಿಬಟ್ಟೆಯನ್ನು ಅವರ ಕೈಗಿಟ್ಟಳು.

"ಹಾಕ್ಬೇಕು ಅತ್ತೆ. ನಾಳೆಯಿಂದ ನನಗೆ ಡ್ಯೂಟಿ ಉಂಟು."