ಕಲೆಯಿಲ್ಲದ ಹೊದಿಕೆ

ಏವಿಸ್ ಹೆಣಕ್ಕೆ ಸುತ್ತಿದ ಬಟ್ಟೆಯನ್ನು ಕಾಲಿನಿಂದ ಹೊಲಿಯಲು ಶುರು ಮಾಡಿ ಮೊಣಕಾಲಿನವರೆಗೆ ಬಂದಿದ್ದಳು. ಯಾರೋ ಬಾಗಿಲು ಬಡಿದರು. ಅವಳು ಸೂಜಿ ನಿಲ್ಲಿಸಲಿಲ್ಲ.

"ಅಗುಳಿ ತೆಗಿಯೇ," ಹೊರಗಿನಿಂದ ಗನ್ನಿಲ್ಡ್ ಮುದುಕಿ ಕೂಗಿದಳು. "ಬಿಸಿನೀರು ತಂದಿದೀನಿ. ಆರಿ ಹೋಗುತ್ತೆ."

"ತೊಳೆದಾಯ್ತಜ್ಜಿ."

"ಯಾರು ತೊಳೆದ್ರು?"

"ನಾನೇ."

ಆ ಊರಿನಲ್ಲಿ ಹೆಣ ತೊಳೆಯುವುದು ಮೂವರು ಹೆಂಗಸರ ಕೆಲಸ. ಒಬ್ಬಳು ನೀರು ಹಾಕಬೇಕು, ಒಬ್ಬಳು ಮಗ್ಗುಲು ಹೊರಳಿಸಬೇಕು, ಒಬ್ಬಳು ಒರೆಸಬೇಕು. ಮೂವತ್ತು ವರ್ಷಗಳಿಂದ ಒರೆಸುವವಳು ಗನ್ನಿಲ್ಡ್.

"ನಿಮ್ಮವ್ವ ಊರಿನೋರ ಹಾಸುಬಟ್ಟೆ, ಒಳಬಟ್ಟೆ, ಮಕ್ಕಳ ಹೇಲುಬಟ್ಟೆ ಎಲ್ಲಾ ಒಗೆದ್ಲು. ಅವಳನ್ನ ತೊಳೆಯೋಕೆ ಊರಲ್ಲಿ ಒಂದು ಕೈ ಸಿಗಲಿಲ್ವಾ ನಿಂಗೆ? ನನ್ನ ಕೈಗೇನು ಕುಷ್ಠ ಹತ್ತಿದೆಯಾ?"

"ಕೋಳಿ ಕೂಗೋ ಮುಂಚೆ ಎಚ್ಚರ ಆಯ್ತು. ಸುಮ್ನೆ ಕೂರೋದ್ಯಾಕೆ ಅಂತ ಮಾಡ್ಬಿಟ್ಟೆ."

"ಮುಖನಾದ್ರೂ ತೋರಿಸೇ."

"ತೆಗೀತೀನಿ, ತಡಿ."

ಅವಳು ಉದ್ದುದ್ದ ಹೊಲಿಗೆ ಹಾಕತೊಡಗಿದಳು. ಅವ್ವ ಸಿಬಿಲಳ ಎಡಗಂಕುಳಲ್ಲಿ ಕೋಳಿಮೊಟ್ಟೆಯಷ್ಟು ದಪ್ಪದ ಗಂಟಿತ್ತು. ತೊಡೆಯ ಸಂದಿನಲ್ಲಿ ಇನ್ನೊಂದು. ಏವಿಸ್ ಅಂಥದ್ದನ್ನು ಹಿಂದೆ ಕಂಡಿರಲಿಲ್ಲ, ಕೇಳಿದ್ದಳು. ನದಿಯಾಚೆಯ ಬ್ರಿಸ್ಟಲ್ ಪೇಟೆಯಲ್ಲಿ ಸುಗ್ಗಿ ಮುಗಿದಾಗಿನಿಂದ ಜನ ಇದೇ ಗಂಟು ಎದ್ದು ಸಾಯುತ್ತಿದ್ದರು. ಚಳಿ ಶುರುವಾಗುವ ಮುಂಚೆಯೇ ಊರಿನ ಗಂಡಸರು ಚರ್ಚಿನ ಬಾಗಿಲಲ್ಲಿ ನಿಂತು ತೀರ್ಮಾನ ಮಾಡಿದ್ದರು: ಯಾರೂ ದೋಣಿ ದಾಟಬಾರದು, ದಾಟಿ ಬಂದವರನ್ನು ಊರೊಳಗೆ ಬಿಡಬಾರದು, ಆಚೆ ದಡದ ಬಟ್ಟೆ ಒಂದು ಎಳೆಯೂ ಒಳಗೆ ಬರಬಾರದು. ಜನವರಿಯಲ್ಲಿ ಸೂಜಿ ದಾರ ಮಾರುವವನೊಬ್ಬ ಕಣದ ಹತ್ತಿರ ಸತ್ತು ಬಿದ್ದ. ಅವನ ಅಂಗಿಯನ್ನು ಕೋಲಿನಿಂದ ಎತ್ತಿ ಕಂಕುಳು ನೋಡಿದರು. ಕೊಕ್ಕೆ ಹಾಕಿ ಎಳೆದುಕೊಂಡು ಹೋಗಿ ಸುಣ್ಣದ ಹಳ್ಳಕ್ಕೆ ತಳ್ಳಿದರು. ಗಂಟೆ ಬಾರಿಸಲಿಲ್ಲ, ಪಾದ್ರಿ ಹೋಗಲಿಲ್ಲ. ಒಂದು ವಾರ ಊರಿನವರು ತಮ್ಮ ನಾಯಿಗಳನ್ನು ಕಟ್ಟಿಹಾಕಿದ್ದರು.

ಅವ್ವನನ್ನು ಚರ್ಚಿನ ಮಣ್ಣಿಗೆ ಇಳಿಸುವವರೆಗೆ ಈ ಹೊಲಿಗೆ ಬಿಚ್ಚಬಾರದು. ಏವಿಸಳಿಗೆ ಇವತ್ತು ಬೇಕಾಗಿದ್ದುದು ಇಷ್ಟೇ.

ಹೆಣದ ಗಂಟಲ ಬಳಿ ಅವಳ ಕೈ ನಿಂತಿತು. ಗುಂಡಿಯ ಅಂಚಿಗೆ ಹೋಗುವವರೆಗೆ ಸತ್ತವರ ಮುಖ ತೆರೆದಿರಬೇಕು. ಬಂದವರು ನೋಡಿ ಹಣೆಗೆ ಮುತ್ತಿಡಬೇಕು. ಸಿಬಿಲಳ ಕುತ್ತಿಗೆಯ ಮೇಲೆ ದ್ರಾಕ್ಷಿ ಬಣ್ಣದ ಚುಕ್ಕೆಗಳಿದ್ದವು. ಏವಿಸ್ ಬಟ್ಟೆಯನ್ನು ಮುಖದ ಮೇಲೆ ಎಳೆದು ನೆತ್ತಿಯವರೆಗೆ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು. ಆಮೇಲೆ ಅಗುಳಿ ತೆಗೆದಳು.

ಗನ್ನಿಲ್ಡ್ ಹೆಣವನ್ನೂ ಏವಿಸಳನ್ನೂ ನೋಡಿದಳು. "ಮುಖಾನೂ ಹೊಲಿದ್ಬಿಟ್ಯಾ?"

"ಬಾಯಿ ಮುಚ್ಚಲಿಲ್ಲಜ್ಜಿ. ದವಡೆ ಕಟ್ಟಿದ್ರೂ ತೆರ್ಕೋತಿತ್ತು. ನೋಡೋಕಾಗಲಿಲ್ಲ."

"ಬದುಕಿದ್ದಾಗ ಮುಚ್ಚಿದ್ಲಾ?" ಎಂದಳು ಗನ್ನಿಲ್ಡ್. ಆದರೆ ನಗಲಿಲ್ಲ. ಹತ್ತಿರ ಬಂದು ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದಳು. "ಇದು ಅದೇ ಹೊಸ ಹಾಸುಬಟ್ಟೆ ಅಲ್ವಾ? ಇಷ್ಟು ನಯವಾದದ್ದನ್ನ ಹುಳಕ್ಕೆ ಹಾಕ್ತೀಯಾ?"

"ಅವಳ ಬಟ್ಟೆ. ಅವಳ ಜೊತೆ ಹೋಗಲಿ."

*

ಸಿಬಿಲ್ ಮದುವೆಯಾಗಿ ಬಂದಾಗ ತಂದದ್ದು ಒಂದೇ ಹಾಸುಬಟ್ಟೆ. ಅದರ ನಡು ಸವೆದಾಗ ಉದ್ದಕ್ಕೆ ಸೀಳಿ, ಅಂಚುಗಳನ್ನು ನಡುವಿಗೆ ತಂದು ಹೊಲಿದಳು. ಅದೂ ಸವೆದಾಗ ಊಟದ ಹಲಗೆಯ ಮೇಲೆ ಹಾಸುವ ಬಟ್ಟೆಯಾಯಿತು. ಆಮೇಲೆ ಎರಡು ಕೈಬಟ್ಟೆ. ಏವಿಸ್ ಹುಟ್ಟಿದಾಗ ಕೂಸನ್ನು ಬಿಗಿಯಲು ಪಟ್ಟಿಗಳು. ಆಮೇಲೆ ಚೀಸ್ ಹಿಂಡುವ ಬಟ್ಟೆ. ಕೊನೆಯ ತುಂಡು ಈಗಲೂ ಒಲೆಯ ಪಕ್ಕ ಮಸಿಬಟ್ಟೆಯಾಗಿ ಬಿದ್ದಿತ್ತು. ಇಪ್ಪತ್ತು ವರ್ಷ ಊರಿನವರ ಹಾಸುಬಟ್ಟೆಗಳನ್ನು ಒಗೆದು ಬೇಲಿಗೆ ಹರಡಿದ ಸಿಬಿಲ್ ಗೋಣಿಯ ಮೇಲೆ ಮಲಗುತ್ತಿದ್ದಳು.

ಹನ್ನೆರಡು ದಿನಗಳ ಹಿಂದೆ ಏವಿಸ್ ಬಟ್ಟೆ ಒಗೆಯುವ ತೊರೆಯ ಬಳಿ ಹೋದಾಗ ಅವ್ವ ಗೊತ್ತಿಲ್ಲದ ಬಟ್ಟೆಯೊಂದನ್ನು ಕಲ್ಲಿನ ಮೇಲೆ ಬಡಿಯುತ್ತಿದ್ದಳು.

"ಯಾರದ್ದವ್ವ ಇದು?"

"ನಂದು."

"ನಿನ್ನ ಹತ್ರ ಎಲ್ಲಿಂದ ಬಂತು?"

ಸಿಬಿಲ್ ಸುತ್ತ ನೋಡಿ, ಬಡಿಯುವ ಕೋಲು ಕೆಳಗಿಟ್ಟಳು. "ದೋಣಿಕಟ್ಟೆ ಛತ್ರದವಳು ಕೊಟ್ಲು. ಅವರಲ್ಲಿ ಒಬ್ಬ ಪೇಟೆಯವನು ಉಳ್ಕೊಂಡಿದ್ದನಂತೆ. ಸತ್ತ. ಇದನ್ನ ನೋಡಿದ್ರೆ ವಾಕರಿಕೆ ಬರುತ್ತೆ, ತಗೊಂಡು ಹೋಗು ಅಂದ್ಲು."

"ಅವ್ವ, ನಿಂಗೆ ಬುದ್ಧಿ ಇದೆಯಾ? ಊರಿನೋರಿಗೆ ಗೊತ್ತಾದ್ರೆ—"

"ಗೊತ್ತಾಗೋದು ನೀನು ಹೀಗೆ ಬಾಯಿ ಮಾಡಿದ್ರೆ. ಹತ್ತು ವರ್ಷ ನಾರು ಕೂಡಿಟ್ಟು ನೇಯಿಸಿದೆ ಅಂತ ಹೇಳಿದೀನಿ. ಗನ್ನಿಲ್ಡ್ ನಂಬಿದ್ಲು. ಅವಳು ನಂಬಿದ್ಮೇಲೆ ಊರು ನಂಬಿದ ಹಾಗೆ."

"ಸತ್ತವನು ಮಲಗಿದ್ದ ಬಟ್ಟೆ."

"ಮೂರು ಸಲ ಬೂದಿನೀರಲ್ಲಿ ಕುದಿಸಿದೀನಿ ಕಣೇ. ಇಲ್ಲಿ ಒಂದು ಕಲೆ ಇತ್ತು, ತಟ್ಟೆಯಗಲ. ನೋಡು, ಈಗ ಎಲ್ಲಿದೆ ಹೇಳು."

ಏವಿಸ್ ಹುಡುಕಿದಳು. ಸಿಗಲಿಲ್ಲ.

ಮನೆಯಲ್ಲಿ ಇನ್ನೊಂದು ಬಟ್ಟೆಯಿತ್ತು. ದಪ್ಪ ಉಣ್ಣೆಯ ನೀಲಿ ಹೊದಿಕೆ, ಐದಾರು ಜನ ಹೊದೆಯುವಷ್ಟು ಅಗಲ. ಅದೂ ಅದೇ ಗಂಟಿನಲ್ಲಿ ಬಂದದ್ದು. ಸಿಬಿಲ್ ಅದನ್ನು ಒಗೆದಿರಲಿಲ್ಲ. ಉಣ್ಣೆಯನ್ನು ಕುದಿಸಿದರೆ ಕುಗ್ಗಿ ಹಲಗೆಯಂತಾಗುತ್ತದೆ, ಬಣ್ಣ ಬಿಡುತ್ತದೆ. ಒಗೆಯುವವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೊಡವಿ, ಅರ್ಧ ದಿನ ಹಿತ್ತಿಲಿನ ಗಾಳಿಗೆ ಹಾಕಿದ್ದಳು, ಅಷ್ಟೆ.

"ಇದು ಅವನ ಕಾಲ ಹತ್ರ ಮಡಿಸಿಟ್ಟಿದ್ದಂತೆ. ಬೆವರೂ ತಾಗಿಲ್ಲ," ಎಂದಳು. "ಎಲ್ಲಿ, ಒಂದು ಕಲೆ ತೋರಿಸು ನೋಡೋಣ."

ಅದರಲ್ಲೂ ಕಲೆ ಸಿಗಲಿಲ್ಲ. ಸಿಬಿಲ್ ಮಗಳ ಎದುರಿಗೇ ಅದನ್ನು ಹೊದ್ದು ಕೂತು, ಮೊಣಕಾಲಿನ ಹಿಂದೆ ಕೆರೆದುಕೊಂಡಳು.

"ಪೇಟೆ ಚಿಗಟ ಕಣೇ. ನಮ್ಮೂರ ಚಿಗಟಕ್ಕಿಂತ ಹಲ್ಲು ಚೂಪು."

ಏವಿಸಳಿಗೂ ನಗು ಬಂತು. ಚಿಗಟ ಯಾರ ಮನೆಯಲ್ಲಿ ಇರಲಿಲ್ಲ?

*

ಹ್ಯೂ ಪಾದ್ರಿಗಳು ಬಂದಾಗ ಹೆಣ ಹೊರುವ ನಾಲ್ವರೂ ಅಂಗಳದಲ್ಲಿದ್ದರು. ಅವರಲ್ಲಿ ಏವಿಸಳ ಗಂಡ ಹಾಬ್ ಒಬ್ಬ. ಅವನಿಗೆ ಏನೂ ಗೊತ್ತಿರಲಿಲ್ಲ. ಅತ್ತೆಗೆ ಎದೆಜ್ವರ ಅಂದಿದ್ದಳು, ಹೌದೆಂದುಕೊಂಡಿದ್ದ.

ಸತ್ತವರ ಮನೆಯಿಂದ ಒಂದು ಒಳ್ಳೆಯ ವಸ್ತು ಚರ್ಚಿಗೆ ಬರಬೇಕು. ದನವಿದ್ದವರಿಂದ ದನ, ಇಲ್ಲದವರಿಂದ ಬಟ್ಟೆ. ಸಿಬಿಲಳ ಮನೆಯಲ್ಲಿ ಯಾವುದು ಎಂದು ಪಾದ್ರಿಗಳು ಬೇಲಿಯ ಮೇಲೆ ಒಣಗುತ್ತಿದ್ದಾಗಲೇ ನೋಡಿಟ್ಟಿದ್ದರು.

"ಈ ಭಾನುವಾರ ಈಸ್ಟರ್," ಎಂದರು. "ಪ್ರಸಾದ ಕೊಡುವಾಗ ಜನರ ಗದ್ದದ ಕೆಳಗೆ ಹಿಡಿಯೋ ಬಟ್ಟೆ ಹರಿದು ಜರಡಿಯಾಗಿದೆ. ಸಿಬಿಲಳ ಹಾಸುಬಟ್ಟೆಯನ್ನ ಉದ್ದಕ್ಕೆ ಎರಡು ಮಾಡಿದ್ರೆ ಊರಿಗೆಲ್ಲ ಸಾಕು. ಅವಳಿಗೂ ಪುಣ್ಯ. ಎಲ್ಲಿದೆ?"

ಗನ್ನಿಲ್ಡ್ ಗದ್ದ ಎತ್ತಿ ಹೆಣದ ಕಡೆ ತೋರಿಸಿದಳು. "ಅಲ್ಲಿದೆ ಸ್ವಾಮಿ. ಅದರೊಳಗೇ ಅವಳಿದಾಳೆ."

ಪಾದ್ರಿಗಳ ಮುಖ ಗಂಟಾಯಿತು. "ಇದ್ಯಾವ ದುಂದು? ಬಿಚ್ಚು. ಹಳೇದರಲ್ಲಿ ಸುತ್ತು."

"ಹಳೇದು ಇಲ್ಲ ಸ್ವಾಮಿ."

"ಗೋಣಿ ಇಲ್ವಾ? ಭಗವಂತ ಬಟ್ಟೆ ನೋಡಲ್ಲ."

"ನನ್ನ ಹತ್ರ ಚಾಕು ಇದೆ," ಎಂದಳು ಗನ್ನಿಲ್ಡ್. ಸೊಂಟದಿಂದ ಚಾಕು ತೆಗೆದು, ಮೊಣಕಾಲೂರಿ ನೆತ್ತಿಯ ಹತ್ತಿರದ ಮೊದಲ ಹೊಲಿಗೆಗೆ ಹಾಕಿದಳು. ದಾರ ಟಪ್ಪೆಂದಿತು. "ಉದ್ದ ಹೊಲಿಗೆ. ನಿಮ್ಮವ್ವ ನೋಡಿದ್ರೆ ಕೈಮೇಲೆ ಹೊಡೀತಿದ್ಲು." ಎರಡನೆಯ ಹೊಲಿಗೆಯೂ ಹೋಯಿತು. ಸಿಬಿಲಳ ನರೆಕೂದಲು ಕಂಡಿತು.

ಏವಿಸ್ ಮೂಲೆಗೆ ಹೋಗಿ ಹುಲ್ಲಿನ ಹಾಸಿಗೆಯ ಮೇಲಿದ್ದ ನೀಲಿ ಹೊದಿಕೆಯನ್ನು ಎತ್ತಿಕೊಂಡು ಬಂದಳು. ನಾಲ್ಕು ದಿನ ಅವ್ವ ಅದರ ಕೆಳಗೆ ನಡುಗುತ್ತ ಮಲಗಿದ್ದಳು. ಅದನ್ನು ಪಾದ್ರಿಗಳ ಎರಡೂ ಕೈಗಳ ಮೇಲೆ ಇಟ್ಟಳು.

"ಇದನ್ನ ತಗೊಳ್ಳಿ ಸ್ವಾಮಿ. ಅಪ್ಪ ಕೊಂಡಿದ್ದು. ಪೆಟ್ಟಿಗೆಯಲ್ಲಿತ್ತು. ಹಾಸುಬಟ್ಟೆಗಿಂತ ಬೆಲೆಯದು."

ಪಾದ್ರಿಗಳು ಅದನ್ನು ಬೆಳಕಿಗೆ ಹಿಡಿದು, ಉಣ್ಣೆಯೊಳಗೆ ಬೆರಳು ಓಡಿಸಿ, ಮೂಸಿ ನೋಡಿದರು. "ಸಾಕು ಬಿಡು," ಎಂದರು ಗನ್ನಿಲ್ಡಳಿಗೆ. "ಹೊಲಿದ್ಬಿಡು."

"ಇಂಥ ಹೊದಿಕೆ ಇತ್ತು ಅಂತ ಸಿಬಿಲ್ ಒಂದಿನ ಬಾಯಿ ಬಿಡಲಿಲ್ಲ," ಎಂದಳು ಗನ್ನಿಲ್ಡ್. ಚಾಕು ಇನ್ನೂ ಕೈಯಲ್ಲೇ ಇತ್ತು. ಏವಿಸಳ ಮುಖವನ್ನು ನೋಡುತ್ತಲೇ ಇದ್ದಳು.

ಏವಿಸ್ ಸೂಜಿ ತಂದು ಆ ಎರಡು ಹೊಲಿಗೆಯನ್ನು ಮತ್ತೆ ಹಾಕಿದಳು. ಈ ಸಲ ಸಣ್ಣ ಹೊಲಿಗೆ.

*

"ಅಲ್ಲಿಗೆ ಹಾಕಬೇಡ ಕಣೇ," ಎಂದಿದ್ದಳು ಸಿಬಿಲ್ ಜ್ವರದ ಮೂರನೆಯ ದಿನ.

"ಎಲ್ಲಿಗವ್ವ?"

"ಹಳ್ಳಕ್ಕೆ. ಆ ದಾರದವನ ಪಕ್ಕಕ್ಕೆ." ತುಟಿ ಒಡೆದಿತ್ತು. ಏವಿಸ್ ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು. "ನಿಮ್ಮಪ್ಪನ ಪಕ್ಕ ಜಾಗ ಇದೆ. ಗಂಟೆ ಹೊಡೆಸು."

"ಹೊಡೆಸ್ತೀನಿ."

"ಆ ಹಾಸುಬಟ್ಟೆ ತಂದು ತಪ್ಪು ಮಾಡಿದೆ. ಎಷ್ಟು ಕುದಿಸಿದ್ರೂ ಒಳಗೆ ಏನೋ ಉಳ್ಕೊಂಡಿತ್ತು."

"ಅದನ್ನ ಸುಟ್ಟು ಹಾಕ್ಲಾ?"

"ಹೊಗೆ ಬಂದ್ರೆ ಗನ್ನಿಲ್ಡ್ ಬರ್ತಾಳೆ," ಎಂದಳು ಸಿಬಿಲ್. "ನನಗೇ ಸುತ್ತಿ ಹೊಲಿದ್ಬಿಡು. ಮಣ್ಣೊಳಗೆ ಯಾರಿಗೂ ಏನೂ ಮಾಡಲ್ಲ ಅದು," ಎಂದು ನೀಲಿ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡಳು. "ಇದೊಂದು ಬೆಚ್ಚಗಿದೆ. ಇದನ್ನ ನೀನಿಟ್ಕೋ."

*

ಗಂಟೆ ಹೊಡೆಯಿತು. ಪಾದ್ರಿಗಳೇ ಹೇಳಿ ನೀಲಿ ಹೊದಿಕೆಯನ್ನು ಚಟ್ಟದ ಮೇಲೆ ಹರಡಿಸಿದರು; ಅಷ್ಟು ಚಂದದ ಬಟ್ಟೆ ಹೊದ್ದು ಆ ಬೀದಿಯಲ್ಲಿ ಹೋದ ಹೆಣ ಮತ್ತೊಂದಿರಲಿಲ್ಲ. ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಇಬ್ಬರು ಹತ್ತಿರ ಬಂದು ಅಂಚು ಮುಟ್ಟಿದರು. ಹೊರುವವರು ಹೆಗಲು ಬದಲಾಯಿಸುವಾಗೆಲ್ಲ ಅದರ ಮಡಿಕೆ ಅವರ ಕುತ್ತಿಗೆಗೆ ಬೀಳುತ್ತಿತ್ತು.

ಗುಂಡಿ ತೋಡಿದ್ದ ಜಾಂಕಿನ್ ಸಲಿಕೆಗೆ ಒರಗಿ ನಿಂತಿದ್ದ. ಹೊದಿಕೆಯನ್ನು ಮಡಿಸಿ ಗೋಡೆಯ ಮೇಲಿಟ್ಟು ಬಿಳಿಯ ಹೆಣವನ್ನು ಇಳಿಸುವಾಗ ಅವನೆಂದ, "ಸಿಬಿಲಕ್ಕ ನನ್ನ ಅಂಗಿ ಇಷ್ಟು ಬೆಳ್ಳಗೆ ಯಾವತ್ತೂ ಮಾಡಿಕೊಡಲಿಲ್ಲ."

"ನಿನ್ನ ಅಂಗಿ ಯಾವತ್ತು ಮೈಯಿಂದ ಬಿಚ್ಚಿದ್ದೆ?" ಎಂದಳು ಗನ್ನಿಲ್ಡ್.

ನಾಲ್ಕೈದು ಜನ ನಕ್ಕರು. ಏವಿಸ್ ಮೊದಲ ಹಿಡಿ ಮಣ್ಣು ಹಾಕಿದಳು. ಜಾಂಕಿನ್ ನಿಧಾನಕ್ಕೆ ಸಲಿಕೆ ಎತ್ತಿದ. ಕಾಲು ಮುಚ್ಚಿತು. ಎದೆ ಮುಚ್ಚಿತು. ಕೊನೆಗೆ ಬಿಳಿ ಬಟ್ಟೆಯ ಒಂದು ಮೂಲೆ ಮಾತ್ರ ಉಳಿಯಿತು. ಅವಳು ಅದನ್ನೇ ನೋಡುತ್ತ ನಿಂತಳು. ಅದೂ ಹೋಯಿತು.

ನಾಲ್ಕು ದಿನಗಳಲ್ಲಿ ಮೊದಲ ಬಾರಿಗೆ ಅವಳಿಗೆ ಹಸಿವಾಯಿತು.

ಗನ್ನಿಲ್ಡ್ ಪಕ್ಕಕ್ಕೆ ಬಂದು ನಿಂತಳು. ದನಿ ತಗ್ಗಿಸಿ, "ನೋಡು, ನಾನು ಕುರುಡಿಯಲ್ಲ," ಎಂದಳು. "ಎದೆಜ್ವರದಲ್ಲಿ ಸತ್ತವರ ಮುಖ ಯಾರೂ ಹೊಲಿಯಲ್ಲ. ಏನಿತ್ತೋ, ಮಣ್ಣಿಗೆ ಹೋಯ್ತು. ಅವಳು ನನ್ನ ಮೂರು ಕೂಸುಗಳ ಬಟ್ಟೆ ಕೂಲಿಯಿಲ್ಲದೆ ಒಗೆದವಳು. ನಾನು ಬಾಯಿ ಬಿಡಲ್ಲ."

ಏವಿಸ್ ಅವಳ ಕೈ ಹಿಡಿದುಕೊಂಡಳು.

ಚರ್ಚಿನೊಳಗೆ ಹೊರಗಿಗಿಂತ ಚಳಿ. ಕೊನೆಯ ಪ್ರಾರ್ಥನೆ ಮುಗಿಸಿ ಪಾದ್ರಿಗಳು ನೀಲಿ ಹೊದಿಕೆಯನ್ನು ಕೊಡವಿದರು. ಸಣ್ಣ ಧೂಳು ಎದ್ದಿತು. ವೇದಿಕೆಯ ಮುಂದಿನ ಕಲ್ಲುಮೆಟ್ಟಿಲಿನ ಮೇಲೆ ಅದನ್ನು ಉದ್ದಕ್ಕೆ ಹಾಸಿ, ಕಾಲಿನಿಂದ ಮಡಿಕೆ ಸರಿಮಾಡಿದರು.

"ಭಾನುವಾರ ಊರಿಗೆ ಊರೇ ಇಲ್ಲಿ ಮೊಣಕಾಲೂರಬೇಕು," ಎಂದರು. ಅವರಿಗೆ ಖುಷಿಯಾಗಿತ್ತು. "ಪ್ರತಿ ವರ್ಷ ಕಲ್ಲು ಕೊರೆಯುತ್ತೆ ಅಂತ ಗೊಣಗ್ತೀರಲ್ಲ. ಬನ್ನಿ, ಒಂದು ಸಾಲಿಗೆ ಎಷ್ಟು ಜನ ಹಿಡೀತಾರೆ ನೋಡೋಣ."

ಹೆಣ ಹೊತ್ತ ನಾಲ್ವರೂ ಹೋಗಿ ಮೊಣಕಾಲೂರಿದರು. ಜಾಂಕಿನ್ ಮಣ್ಣುಕೈ ಅಂಗಿಗೆ ಒರೆಸಿಕೊಂಡು ಹಾಬನ ಪಕ್ಕ ಸೇರಿದ. ಬೀದಿಯಲ್ಲಿ ಅಂಚು ಮುಟ್ಟಿದ್ದ ಇಬ್ಬರು ಹೆಂಗಸರು ಬಂದರು. ಗನ್ನಿಲ್ಡ್ ಮುಲುಗುತ್ತ ಕೂತು, "ಅಯ್ಯೋ, ಸುಖ," ಎಂದಳು. "ಇಲ್ಲಿಂದ ಏಳೋದೇ ಬೇಡ."

"ಎಂಟು," ಎಂದು ಎಣಿಸಿದರು ಪಾದ್ರಿಗಳು. "ಇನ್ನೂ ಒಬ್ಬರಿಗೆ ಜಾಗ ಇದೆ. ಬಾ ಏವಿಸ್. ನಿಮ್ಮವ್ವನದ್ದಲ್ವಾ?"

ಏವಿಸ್ ಮೆಟ್ಟಿಲ ಬಳಿ ಬಂದು ಬಗ್ಗಿದಳು. ಕಿಟಕಿಯ ಬೆಳಕಲ್ಲಿ ಹೊದಿಕೆಯನ್ನು ಈ ತುದಿಯಿಂದ ಆ ತುದಿಯವರೆಗೆ ಇನ್ನೊಮ್ಮೆ ನೋಡಿದಳು. ಒಂದೂ ಕಲೆ ಇರಲಿಲ್ಲ. ಅವಳು ಗನ್ನಿಲ್ಡಳ ಪಕ್ಕ ಮೊಣಕಾಲೂರಿದಳು. ಉಣ್ಣೆ ಮೆತ್ತಗಿತ್ತು, ಬೆಚ್ಚಗಿತ್ತು.

ಪಾದ್ರಿಗಳು ಸಾಲಿನ ಮುಂದೆ ನಿಂತು ಕೈ ಎತ್ತಿದರು. ಎಲ್ಲರೂ ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ಗನ್ನಿಲ್ಡ್ ಕಣ್ಣು ಮುಚ್ಚಿಕೊಂಡೇ ಒಂದು ಕೈ ಹಿಂದಕ್ಕೆ ಚಾಚಿ ಕಾಲಿನ ಹರಡನ್ನು ಪರಪರ ಕೆರೆದುಕೊಂಡಳು. ಅವಳಾಚೆ ಜಾಂಕಿನ್ ಕೂಡ.