ಕೊರಡಿನ ಗಂಟು

ನನ್ನ ತಮ್ಮ ಮೈಲಾರಲಿಂಗಪ್ಪ ಹೋರಿ ಪಳಗಿಸುವುದರಲ್ಲಿ ಹೆಸರು ಮಾಡಿದವನು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾರ ಮನೆಯ ಹೋರಿ ಹಾಯ್ದರೂ ಹಂಸಭಾವಿಯ ಪಕ್ಕದ ನಮ್ಮ ಹಿತ್ತಲಿಗೆ ಬರುತ್ತಿತ್ತು. ಮೂಗು ಚುಚ್ಚುವುದು, ಉಪವಾಸ ಕೆಡವುವುದು, ಬಡಿಯುವುದು. ಅದಕ್ಕೂ ಬಗ್ಗದಿದ್ದರೆ ಕಾಲಿಗೆ ಕೊರಡು ಕಟ್ಟುವುದು. ಜಾಲಿಯ ತುಂಡು ಅದು. ಓಡಿದರೆ ತನ್ನ ಮೂಳೆಗೆ ತಾನೇ ಬಡಿದುಕೊಳ್ಳಬೇಕು. ಚರ್ಮದ ಮಿಣಿಯಿಂದ ಅದಕ್ಕೆ ಹಾಕುವ ಗಂಟು ಅವನ ಕೈಗೆ ಮಾತ್ರ ಬರುತ್ತಿತ್ತು. ಹೋರಿ ನೊಗಕ್ಕೆ ಕೊರಳು ಕೊಟ್ಟ ದಿನ ಅವನು ಮೀಸೆ ತಿರುವಿಕೊಂಡು ಓಣಿ ಸುತ್ತುತ್ತಿದ್ದ.

ದೇವರು ಅಂಥವನ ಹೊಟ್ಟೆಯಲ್ಲಿ ಗೋಣೆಪ್ಪನನ್ನು ಹುಟ್ಟಿಸಿದ.

ಆರು ವರ್ಷದ ಹುಡುಗ. ಒಂದು ತುತ್ತು ಒಲೆಯ ಮುಂದೆ ಉಂಡರೆ ಇನ್ನೊಂದು ಅಟ್ಟದ ಮೇಲೆ. ನಿದ್ದೆಯಲ್ಲೂ ಕಾಲು ಒದೆಯುತ್ತಿದ್ದ. ಅವನ ತಾಯಿ ದುರಗವ್ವ ರೊಟ್ಟಿ ಚೂರು ಹಿಡಿದು ಹಿಂದೆ ಓಡಿ ಓಡಿ ಕಡ್ಡಿಯಾಗಿದ್ದಳು. ಗಂಡ ಸತ್ತು ತವರಿಗೆ ಬಂದು ಬಿದ್ದಿದ್ದ ನಾನು ಕಟ್ಟೆಯ ಮೇಲೆ ಕೂತು ಇಬ್ಬರನ್ನೂ ಬೈಯುತ್ತಿದ್ದೆ.

ಊರ ಸಾಲೆಗೆ ಹಾಕಿದರು. ಮಾಸ್ತರ ಹುಣಸೆ ಬರಲು ಮುರಿಯುವ ತನಕ ಬಡಿದು, ಹುಡುಗನನ್ನು ದರದರ ಎಳೆದು ತಂದು ನಮ್ಮ ಬಾಗಿಲಲ್ಲಿ ಬಿಟ್ಟ. "ಕುಂದರೂದ ಕಲಿಸಿ ಕಳಸ್ರಿ, ಓದೂದ ನಾ ಕಲಸ್ತೇನಿ," ಅಂದ. ಮಾಡಿದ ಮಡಕೆ ತಂದುಕೊಟ್ಟರೆ ಮಡಕೆ ಮಾಡಿಕೊಡುತ್ತೇನೆ ಎಂದು ಕುಂಬಾರ ಅಂದಹಾಗಾಯಿತು.

ಏಕೀಕರಣವಾದ ಮರುವರ್ಷ ಅದು. ನಾನೂ ದುರಗವ್ವನೂ ಬಸ್ಸು ಹಿಡಿದು ಅವನನ್ನು ಸವಣೂರಿಗೆ ಒಯ್ದೆವು. ಅಲ್ಲಿ ಕುತುಬುದ್ದೀನ ಎಂಬ ಮುದುಕ ಹಕೀಮನಿದ್ದ. ಗೋಣೆಪ್ಪ ಅವನ ಔಷಧದ ಕಪಾಟು ಹತ್ತಿ ಇಳಿಯುವುದನ್ನು ಹಕೀಮ ಸುಮ್ಮನೆ ನೋಡಿದ.

"ಇದು ಬ್ಯಾನಿ ಅಲ್ಲವ್ವಾ, ಹುಟ್ಟುಗುಣ. ಬಡದರ ಹೋಗೂದಿಲ್ಲ. ಇವನ ಜೋಡಿ ಓಡಾಕ ಇನ್ನೊಬ್ರು ಬೇಕು. ತಾಯಿ ಒಬ್ಬಾಕಿಗೆ ಬಿಟ್ರ ಆಕಿ ಸಾಯ್ತಾಳ."

ವಾಪಸು ಬರುವಾಗ ದುರಗವ್ವ ಬಸ್ಸಿನ ತುಂಬ ಅತ್ತಳು. "ನನ್ನ ಜೋಡಿ ಓಡಾಕ ಯಾರ ಬರ್ತಾರ ಅಕ್ಕಾರ?"

"ನನ್ನ ಮಾರಿ ನೋಡಬ್ಯಾಡವಾ," ಅಂದೆ. "ನನ್ನ ಮೊಣಕಾಲು ಬಾವಿಗೆ ಹೋಗಿ ಬರಾಕ ಸಾಕಾಗ್ಯಾವು."

ಔಷಧ ಕೊಡದ ಹಕೀಮ ಎಂಥ ಹಕೀಮ ಎಂದು ತಮ್ಮ ನಕ್ಕ.

ಆಮೇಲೆ ಹತ್ತಿಮತ್ತೂರಿನ ಫಕ್ಕೀರಪ್ಪ ತನ್ನ ಹೋರಿ ತಂದು ಬಿಟ್ಟ. ಅವನು ಬಗ್ಗಿ ಮೇವು ಹಾಕುವಾಗ ಗೋಣೆಪ್ಪ ಹಗ್ಗ ಬಿಚ್ಚಿದ. ಯಾಕೆ ಬಿಚ್ಚಿದೆ ಎಂದರೆ ಅವನಿಗೂ ಗೊತ್ತಿಲ್ಲ; ಕೈ ಸುಮ್ಮನಿರಲಿಲ್ಲ, ಅಷ್ಟೆ. ಹೋರಿ ಫಕ್ಕೀರಪ್ಪನ ತೊಡೆಗೆ ಕೋಡು ಹಾಕಿ ಎತ್ತಿ ಗೋಡೆಗೆ ಒಗೆಯಿತು. ಸಗಣಿಯ ಮೇಲೆಲ್ಲ ರಕ್ತ ಹರಿಯಿತು. ಫಕ್ಕೀರಪ್ಪ ಬದುಕಿದ, ಆದರೆ ಕುಂಟನಾದ.

ಅವತ್ತು ನನ್ನ ತಮ್ಮ ತನ್ನ ಮಗನನ್ನು ಬಾರುಕೋಲಿನಿಂದ ಬೆನ್ನು ಬಿರಿಯುವಂತೆ ಬಡಿದ. ಬಡಿದು ಸುಸ್ತಾದ ಮೇಲೆ ಹಸಿ ಮಿಣಿ ತಂದು ಹುಡುಗನ ಕಾಲಿಗೆ ಕೊರಡು ಕಟ್ಟಿದ. ಅಡ್ಡ ಬಂದ ದುರಗವ್ವನ ಕೂದಲು ಹಿಡಿದು ತಲೆಯನ್ನು ಕಂಬಕ್ಕೆ ಗುದ್ದಿದ.

ಹುಡುಗ ಆದರೂ ನಿಲ್ಲಲಿಲ್ಲ. ಕೊರಡು ಎಳೆದುಕೊಂಡೇ ಓಡಿದ. ಕಾಲಿನ ಹರಡಿನ ಚರ್ಮ ಕಿತ್ತು ಮಾಂಸ ಕಂಡಿತು, ನೊಣ ಮುತ್ತಿದವು. ಮಿಣಿ ಒಣಗಿ ಬಿಗಿದು ಬಾವಿನೊಳಗೆ ಹೂತುಹೋಯಿತು. ಕುಡುಗೋಲು ಹಾಕಿದರೆ ಕಾಲೇ ಹೋದೀತು. ಗಂಟು ಬಿಚ್ಚಲು ಹೋಗಿ ದುರಗವ್ವ ಉಗುರು ಕಿತ್ತುಕೊಂಡಳು.

"ಅಮಾವಾಸ್ಯಿಗೆ ಬರಿ ಇಡೂದ," ಅಂದ ತಮ್ಮ. "ಹೊಕ್ಕಳದ ಸುತ್ತ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು? ನನಗೂ ಅಪ್ಪ ಇಟ್ಟಿದ್ದ. ನಾ ನೆಟ್ಟಗಾಗಲಿಲ್ಲೇನು?"

ನನಗೆ ಸಿಟ್ಟು ನೆತ್ತಿಗೇರಿತು. ಇವನ ಬಾಲ್ಯ ನಾನು ಕಾಣದ್ದೇ? ಆ ಬರೆ ಮಾಯುವ ಮೊದಲೇ ಯಾರದೋ ಹತ್ತಿ ಬಂಡಿ ಏರಿ ಯಲವಿಗಿ ಸ್ಟೇಶನ್ನಿನ ತನಕ ಹೋಗಿದ್ದವನು ಇವನು. ಇವತ್ತಿಗೂ ಒಂದು ಕಡೆ ಕೂತು ಒಂದು ಎಲೆಯಡಿಕೆಯನ್ನು ಪೂರಾ ಅಗಿದವನಲ್ಲ. ಅದನ್ನು ಅವನ ಮುಖಕ್ಕೇ ಹೇಳಿದೆ. "ಹೆಂಗಸರಿಗೇನ ತಿಳಿತೈತಿ," ಎಂದು ಎದ್ದುಹೋದ.

ಅಮಾವಾಸ್ಯೆಯ ಬೆಳಿಗ್ಗೆ ಹಿತ್ತಲಲ್ಲಿ ಕುಳ್ಳಿನ ಬೆಂಕಿ ಹಾಕಿ, ಹೋರಿಗಳಿಗೆ ಬರೆ ಇಡುವ ಸರಳನ್ನೇ ಅದರಲ್ಲಿ ತುರುಕಿದ. ಹುಡುಗನನ್ನು ತೊಡೆಗಳ ನಡುವೆ ಒತ್ತಿ ಹಿಡಿದು, ಕಾಲು ಹಿಡಿ ಎಂದು ನನಗೆ ಗದರಿದ. ಹಿಡಿದೆ. ಗೋಣೆಪ್ಪ ಅವನ ಕೈ ಕಚ್ಚಿದ. ತಮ್ಮ ಹುಡುಗನ ಕೆನ್ನೆಗೆ ಬಾರಿಸಿದ ಹೊಡೆತಕ್ಕೆ ಒಂದು ಹಾಲುಹಲ್ಲು ನೆಲಕ್ಕೆ ಬಿತ್ತು.

"ಸರಳ ತಾ," ಎಂದು ಹೆಂಡತಿಯತ್ತ ಬಲಗೈ ಚಾಚಿದ.

ದುರಗವ್ವ ಅರಿವೆ ಸುತ್ತಿ ಸರಳು ಎತ್ತಿದಳು. ತುದಿ ಕೆಂಪಗಿತ್ತು. ಅದನ್ನು ಅವನ ಕೈಗೆ ಕೊಡಲಿಲ್ಲ, ಕೈಯ ಮೇಲೆ ಒತ್ತಿದಳು.

"ಕುಂದರ್ರಿ," ಅಂದಳು. "ಅಲುಗಾಡಬ್ಯಾಡ್ರಿ."

ನಾನು ಹುಡುಗನ ಕಾಲು ಬಿಟ್ಟು ತಮ್ಮನ ಹೆಗಲ ಮೇಲೆ ನನ್ನ ಭಾರವನ್ನೆಲ್ಲ ಹಾಕಿದೆ. ಅವನನ್ನು ಎತ್ತಿ ಆಡಿಸಿದವಳು ನಾನು, ಆದರೂ ಹಾಕಿದೆ. ಚರ್ಮ ಸುಟ್ಟ ವಾಸನೆ ಬಂತು. ಅವನು ನನ್ನನ್ನು ಕೊಡವಿ ಎಸೆದು, ಬೆಂಕಿ ಒದ್ದು, ಹಿತ್ತಲ ತುಂಬ ಚೀರುತ್ತ ಓಡಾಡಿ, ದನದ ಬಾನಿಯ ನೀರಿಗೆ ಕೈ ಅದ್ದಿದ. ಆಮೇಲೆ ಎಡಗೈಯಲ್ಲಿ ಬಾರುಕೋಲು ಹಿಡಿದು ಹೆಂಡತಿಯ ಮೇಲೆ ಬಂದ. ನಾನು ಬಿದ್ದ ಸರಳನ್ನು ಸೆರಗಿನಲ್ಲಿ ಹಿಡಿದೆತ್ತಿ ನಡುವೆ ನಿಂತೆ.

"ಬರಿ ಇಟ್ರ ಸುಮ್ಮನ ಕುಂದರತಾರ ಅಂದೆಲ್ಲೊ ಮೈಲಾರಿ. ನೀ ಯಾಕ ಕುಂದರಲಿಲ್ಲ?"

ಅವನ ಕಣ್ಣು ನನ್ನನ್ನು ದಾಟಿ ಹಿಂದೆ ಹೋಗಿತ್ತು. ತಿರುಗಿ ನೋಡಿದೆ.

ಗೋಣೆಪ್ಪ ಬಿದ್ದಲ್ಲೇ ಕೂತಿದ್ದ. ಬಾಯಿಂದ ರಕ್ತ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕಣ್ಣು ನನ್ನ ಕೈಯ ಸರಳಿನ ಮೇಲೆ. ಹುಟ್ಟಿದಾಗಿನಿಂದ ಅವನು ಹಾಗೆ ಕೂತದ್ದನ್ನು ನಾವು ಕಂಡಿರಲಿಲ್ಲ. ನಾವೆಲ್ಲ ಬೇಡಿಕೊಂಡದ್ದು ಇದನ್ನೇ. ಸರಳನ್ನು ಬಾವಿಗೆ ಎಸೆದುಬಿಟ್ಟೆ.

"ಓಡೋ ಗೋಣ್ಯಾ," ಅಂದಳು ದುರಗವ್ವ. "ಓಡು ನನ್ನಪ್ಪಾ."

ಹುಡುಗ ಕದಲಲಿಲ್ಲ.

ನನ್ನ ತಮ್ಮ ಬಾರುಕೋಲು ಕೆಳಗೆ ಹಾಕಿ ಮಗನ ಮುಂದೆ ಮಂಡಿಯೂರಿದ. ಸುಟ್ಟ ಕೈಯ ಬೆರಳು ಮಡಚಲಿಲ್ಲ, ಎಡಗೈ ಒಂದಕ್ಕೇ ಗಂಟು ಜಗ್ಗಲಿಲ್ಲ. ಕೊನೆಗೆ ಬಗ್ಗಿ, ರಕ್ತ ಕೀವು ಹತ್ತಿದ ಆ ಗಂಟಿಗೆ ಹಲ್ಲು ಹಚ್ಚಿದ. ಜಗ್ಗಿದ, ಉಗುಳಿದ, ಮತ್ತೆ ಜಗ್ಗಿದ. ಎಷ್ಟೋ ಹೋರಿಗಳು ಅವನ ಮುಂದೆ ಬಗ್ಗಿದ್ದನ್ನು ನೋಡಿದ್ದೆ. ಅವನು ಬಗ್ಗಿದ್ದನ್ನು ಅಂದೇ ನೋಡಿದ್ದು. ಕೊರಡು ಕಳಚಿ ಬಿತ್ತು. ಹುಡುಗ ಆಗಲೂ ಕೂತೇ ಇದ್ದ.

ನಾನು ಸೀರೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಗೋಣ್ಯಾ, ಈ ಮುದುಕಿನ್ನ ಹಿಡಿ ನೋಡೂಣು," ಎಂದು ಬೇವಿನ ಗಿಡದತ್ತ ಓಡಿದೆ. ಗಿಡ ಮುಟ್ಟಿದೆ, ಹಿಂದೆ ಯಾರೂ ಇರಲಿಲ್ಲ. ತಿರುಗಿ ಓಡಿ ಬಂದೆ. ಮೊಣಕಾಲು ಕಿತ್ತು ಬರುವಂತಿತ್ತು, ಕಣ್ಣೀರು ಮೂಗಿಗಿಳಿದಿತ್ತು. ಮತ್ತೆ ಗಿಡದ ಕಡೆ ಹೊರಳಿದಾಗ ಹಿಂದಿನಿಂದ ಕುಂಟುವ ಹೆಜ್ಜೆಯ ಸದ್ದು ಕೇಳಿತು. ಸಣ್ಣ ಕೈಯೊಂದು ನನ್ನ ಸೆರಗು ಹಿಡಿಯಿತು.

ನಾನು ನಿಲ್ಲಲಿಲ್ಲ.