ಶಟ್ಟೆವ್ವನ ಕಾಲ ಮೇಲೆ

ಗೊಂಬೆಯ ಬಾಯಿಂದ ಕಡಲೆಕಾಳು ಹಾರಿ ಅನ್ನಪೂರ್ಣಾಳ ಕಾಲ ಬಳಿ ಬಿದ್ದಾಗ, ಸವದತ್ತಿಯ ಆ ತರಬೇತಿ ಕೋಣೆಯಲ್ಲಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಕಲಿಸಲು ಧಾರವಾಡದಿಂದ ಬರುತ್ತಿದ್ದ ನರ್ಸ್ ಸುಚೇತಾಬಾಯಿ ಗೊಂಬೆಯನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಬಾಗಿಸಿ, ಅಂಗೈಯ ಬುಡದಿಂದ ಅದರ ಬೆನ್ನಿಗೆ ಬಡಿದಿದ್ದರು.

"ನನ್ನ ಮಕ್ಕಳಿಗೆ ದಿನಾ ಇಷ್ಟ ಬಡೀತೇನ್ರಿ ಮೇಡಂ, ಒಂದ ಕಾಳೂ ಬಿದ್ದಿಲ್ಲ," ಎಂದಳು ಹಿಂದಿನ ಸಾಲಿನ ಬಾಯವ್ವ.

ನೀಲಿ ಕಣ್ಣಿನ ಗೊಂಬೆ ಅದು. ಮಲಗಿಸಿದರೆ ಒಂದು ಕಣ್ಣು ಮುಚ್ಚುತ್ತಿತ್ತು, ಇನ್ನೊಂದು ತರಬೇತಿಯ ಮೇಲೆ ನಿಗಾ ಇಡುತ್ತಿತ್ತು. ಅದರ ಕೆನ್ನೆಗೆ ಯಾರೋ ದೃಷ್ಟಿಬೊಟ್ಟು ಇಟ್ಟಿದ್ದರು. ಕಾಡಿಗೆ ಹಚ್ಚಬಾರದೆಂದು ಸುಚೇತಾಬಾಯಿ ಒಂದು ಮಧ್ಯಾಹ್ನ ಪೂರ್ತಿ ಮಾತಾಡಿದರಾದರೂ ಆ ಬೊಟ್ಟನ್ನು ಅವರೂ ಒರೆಸಲಿಲ್ಲ.

ಕೂಲಿಗೆ ಹೋಗುವ ತಾಯಂದಿರ ಕೂಸುಗಳನ್ನು ಹಗಲು ನೋಡಿಕೊಳ್ಳಲು ಹಳ್ಳಿಗಳಲ್ಲಿ 'ಕೂಸಿನ ಮನೆ' ತೆರೆಯುವುದಿತ್ತು. ನೋಡಿಕೊಳ್ಳುವವಳು ಹತ್ತನೇ ತರಗತಿ ಪಾಸಾಗಿರಬೇಕು, ಈ ತರಬೇತಿ ಮುಗಿಸಿ ಪ್ರಮಾಣಪತ್ರ ತರಬೇಕು. ಸಿರಸಂಗಿಯ ಆಚೆಗಿನ ಅನ್ನಪೂರ್ಣಾಳ ಊರಿನಲ್ಲಿ ಕೂಸುಗಳಿಗೆಲ್ಲ ನೀರೆರೆದ ಕೈ ಅವಳ ಅತ್ತೆ ಶಟ್ಟೆವ್ವನದು. ಶಟ್ಟೆವ್ವ ಸಾಲೆಯ ಕಟ್ಟೆ ಹತ್ತಿದವಳಲ್ಲ. ಪಂಚಾಯತಿಯ ಅಂದಾನೆಪ್ಪ ಇದಕ್ಕೊಂದು ಉಪಾಯ ಹುಡುಕಿದ್ದ: "ಸರ್ಟಿಫಿಕೇಟ ತರಾಕ ಸೊಸಿ, ಕೂಸು ಹಿಡ್ಯಾಕ ಅತ್ತಿ. ನೋಡಾಕ ಬಂದವ್ರು ಗ್ವಾಡಿ ಮ್ಯಾಲಿನ ಸರ್ಟಿಫಿಕೇಟ ನೋಡಿ ಹೋಗ್ತಾರ, ಕೂಸಿನ ಯಾವಾವ ನೋಡ್ತಾನ?"

"ಇನ್ನೊಂದ ಮಾತು," ಎಂದರು ಸುಚೇತಾಬಾಯಿ ಗೊಂಬೆಯನ್ನು ಮೇಜಿನ ಮೇಲಿಟ್ಟು. "ಮೂಗ ಹಿಡದು ಒಳಲಿಲೆ ಔಡಲೆಣ್ಣಿ ಕುಡಸ್ತೀರಲ್ಲ, ಅದನ್ನ ಬಿಟ್ಟ ಬಿಡ್ರಿ. ಮೂಗ ಕಟ್ಟಿದ್ರ ಕೂಸು ಬಾಯಿಲೆ ಉಸರ ಎಳೀತದ. ಎಣ್ಣಿ ಹೊಟ್ಟಿಗೆ ಹೋಗೂದ ಬಿಟ್ಟು ಶ್ವಾಸಕ್ಕ ಹೋಗ್ತದ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅಲ್ಲಿದ್ದವರೆಲ್ಲ ಹಾಗೆ ಕುಡಿದೇ ದೊಡ್ಡವರಾದವರು. ಅನ್ನಪೂರ್ಣಾ ನಗಲಿಲ್ಲ.

"ಮೇಡಂ, ಕಾಳ ಅಲ್ಲ, ಎಣ್ಣಿನ ಹಂಗ ಸಿಕ್ಕಿದ್ರ?"

"ಆವಾಗೂ ಮೊದಲ ಇದನ್ನ ಮಾಡೂದು. ಬೋರಲ ಹಾಕಿ ಬೆನ್ನಿಗೆ ಬಡಿಯೂದು, ಹೊರಗ ಬರಲಿಕ್ಕೆ ದಾರಿ ಕೊಡೂದು. ಎದಿಗೆ ಅವಚಿಕೊಂಡು ಓಡಬಾರದು."

"ಬದುಕ್ತಾವ್ರಿ?"

"ಎಲ್ಲಾ ಬದುಕ್ತಾವ ಅಂತ ನಾ ಹೇಳಲಾರೆವಾ. ಕೆಲವು ಬದುಕ್ತಾವ."

ಅನ್ನಪೂರ್ಣಾಳ ಸರದಿ ಬಂತು. ಕಲಿಸಿದಂತೆಯೇ ಗೊಂಬೆಯನ್ನು ಬೋರಲು ಹಾಕಿದಳು, ದವಡೆಗೆ ಬೆರಳು ಆನಿಸಿದಳು, ಬಡಿದಳು. ಬಡಿಯುತ್ತಲೇ ಇದ್ದಳು. ಕೋಣೆಯ ನಗು ಒಂದೊಂದಾಗಿ ನಿಂತಿತು. ಸುಚೇತಾಬಾಯಿ ಬಂದು ಅವಳ ಮಣಿಕಟ್ಟು ಹಿಡಿದರು.

"ಸಾಕವಾ. ಅದರ ಬಾಯಾಗ ಈಗ ಕಾಳ ಇಲ್ಲ. ನೀ ಪಾಸಾದಿ."

ಎರಡು ವರ್ಷದ ಹಿಂದೆ ಅನ್ನಪೂರ್ಣಾಳ ಮಗಳು ಐದು ತಿಂಗಳಿನವಳು. ಒಂದು ಮುಂಜಾನೆ ಶಟ್ಟೆವ್ವ ಮೊಮ್ಮಗಳಿಗೆ ನೀರೆರೆದು, ಕಾಲ ಮೇಲೆ ಅಂಗಾತ ಮಾಡಿ, ತನ್ನ ಮಗ ಬಸವಲಿಂಗನಿಗೂ ಅದರಿಂದಲೇ ಕುಡಿಸಿದ್ದ ಬೆಳ್ಳಿಯ ಒಳಲೆ ತುಂಬ ಹರಳೆಣ್ಣೆ ಹಿಡಿದು, ಮೂಗು ಒತ್ತಿ ಬಾಯಿಗೆ ಹೊಯ್ದಳು. ಅನ್ನಪೂರ್ಣಾ ಲೋಬಾನದ ಹೊಗೆಗೆ ಕೂಸಿನ ಅರಿವೆ ಹಿಡಿದುಕೊಂಡಿದ್ದಳು. ಕೂಸು ಕೆಮ್ಮಿತು, ಆಮೇಲೆ ಕೆಮ್ಮಲಿಲ್ಲ. ಶಟ್ಟೆವ್ವ ಅದನ್ನು ಎದೆಗೆ ಅವಚಿಕೊಂಡು ಸ್ವಾಮಿಗಳ ಕೈಯಿಂದ ಬೂದಿಯ ಅಂಗಾರ ಹಚ್ಚಿಸಲು ಮಠಕ್ಕೆ ಓಡಿದಳು. ಅಂಗಾರ ಹಣೆಗೆ ಬೀಳುವಷ್ಟರಲ್ಲಿ ಅದರ ಅಗತ್ಯ ತೀರಿತ್ತು. ದೃಷ್ಟಿ ಅಂದರು. ಬಾಲಗ್ರಹ ಅಂದರು. ಊರಿನಲ್ಲಿ ಇಂಥದಕ್ಕೆ ಹೆಸರುಗಳ ಕೊರತೆ ಇಲ್ಲ.

ಅಂದಿನಿಂದ ಶಟ್ಟೆವ್ವ ಯಾರ ಕೂಸಿಗೂ ನೀರೆರೆಯಲು ಕಾಲು ಚಾಚಲಿಲ್ಲ. ಎಲೆ ಅಡಿಕೆ ಹಿಡಿದು ಕರೆಯಲು ಬಂದವರಿಗೆ ಮೊಣಕಾಲು ಬ್ಯಾನಿ ಎಂದಳು. ಅದೇ ಮೊಣಕಾಲಿನಲ್ಲಿ ಹುಣ್ಣಿಮೆಗೊಮ್ಮೆ ಎಲ್ಲಮ್ಮನ ಗುಡ್ಡ ಹತ್ತಿ ಬರುತ್ತಿದ್ದುದನ್ನು ಯಾರೂ ಎತ್ತಿ ಆಡಲಿಲ್ಲ. ಅಂದಾನೆಪ್ಪ ಕೂಸಿನ ಮನೆಯ ಮಾತೆತ್ತಿದಾಗ ಮಾತ್ರ ಯಾಕೋ "ಹೂಂ, ನೋಡೂಣು" ಅಂದಳು. ಅವತ್ತು ಸಂಜೆ ಗೂಡಿನಲ್ಲಿ ಕಪ್ಪಾಗಿ ಬಿದ್ದಿದ್ದ ಒಳಲೆಯನ್ನು ಹುಣಸೆಹುಳಿ ಹಚ್ಚಿ ತಿಕ್ಕಿದಳು. ಅದನ್ನು ನೋಡಿಯೇ ಅನ್ನಪೂರ್ಣಾ ತರಬೇತಿಗೆ ಹೆಸರು ಕೊಟ್ಟದ್ದು.

ಪ್ರಮಾಣಪತ್ರ ಹಿಡಿದು ಬಸ್ಸಿನಲ್ಲಿ ಬರುತ್ತ ಅತ್ತೆಗೆ ಹೇಳಬೇಕಾದ ಮಾತನ್ನು ಹಲವು ಬಗೆಯಲ್ಲಿ ಕಟ್ಟಿ ನೋಡಿದಳು. ಎಲ್ಲಿಂದ ಶುರು ಮಾಡಿದರೂ ಅದು ಒಂದೇ ಕಡೆ ಹೋಗಿ ನಿಲ್ಲುತ್ತಿತ್ತು.

"ಏನೇನ ಕಲಿಸಿದ್ರ?" ಬಾಗಿಲಲ್ಲೇ ಕೇಳಿದಳು ಶಟ್ಟೆವ್ವ.

"ಕೈ ತೊಳಿಯೂದು, ಉಗುರು ತಗಿಯೂದು, ಹಾಡು ಹಾಡೂದು."

"ಇಷ್ಟಕ್ಕ ಸವದತ್ತಿತನಾ ಹೋಗಬೇಕಿತ್ತ? ಗೊಂಬಿ ಕೊಟ್ಟಿದ್ರಂತಲ್ಲ, ಅಳತಿತ್ತೇನ?"

"ಇಲ್ರಿ."

"ಉಚ್ಚಿ?"

"ಅದೂ ಇಲ್ಲ."

"ಅಳೂದಿಲ್ಲ, ಉಚ್ಚಿ ಹೊಯ್ಯೂದಿಲ್ಲ. ಅದನ್ಯಾಕ ಆಡಸ್ತೀರಿ, ದೇವರ ಜಗಲಿ ಮ್ಯಾಲಿಟ್ಟು ಪೂಜಿ ಮಾಡ್ರಿ." ಶಟ್ಟೆವ್ವ ನಕ್ಕಳು. ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು, ಹೆಗಲು ಕುಣಿಸಿ ನಕ್ಕಳು. ಎರಡು ವರ್ಷದಿಂದ ಆ ನಗು ಮನೆಯಲ್ಲಿ ಕೇಳಿರಲಿಲ್ಲ. ಅನ್ನಪೂರ್ಣಾ ಬ್ಯಾಗು ಇಟ್ಟು, ರೊಟ್ಟಿಗೆ ಹಿಟ್ಟು ನಾದಲು ಕುಳಿತಳು.

ಕೂಸಿನ ಮನೆ ಹಳೆಯ ಸಾಲೆಯ ಒಂದು ಕೋಣೆಯಲ್ಲಿ ತೆರೆಯಿತು. ಬಸವಲಿಂಗ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ತಂದು ಗೋಡೆಗೆ ಮೊಳೆ ಹೊಡೆದ. ಮೊದಲು ಬಂದದ್ದು ತಾಯವ್ವನ ನಾಲ್ಕು ತಿಂಗಳ ಕೂಸು. ನಾಲಾ ಕೆಲಸಕ್ಕೆ ಕೂಲಿಯವರನ್ನು ಒಯ್ಯುವ ಟ್ರ್ಯಾಕ್ಟರು ಹೊರಗೆ ಹಾರ್ನು ಹೊಡೆಯುತ್ತಿತ್ತು.

"ಯಮ್ಮಾ, ನಿನ್ನೆಯಿಂದ ಹೊಟ್ಟಿ ಕಟ್ಟೇತಿ, ಎರದ ಮ್ಯಾಲ ಚೂರ ಎಣ್ಣಿ ಹಾಕ," ಎಂದು ಶಟ್ಟೆವ್ವನ ಕೈಗೆ ಸೀಸೆ ಕೊಟ್ಟು ತಾಯವ್ವ ಓಡಿದಳು.

ಶಟ್ಟೆವ್ವ ಬಚ್ಚಲಿನ ಮಣೆ ಮೇಲೆ ಕುಳಿತು, ಸೀರೆ ಮೊಣಕಾಲತನಕ ಸರಿಸಿ, ಕಾಲು ಚಾಚಿದಳು. ಕೂಸನ್ನು ಬೋರಲು ಹಾಕಿಕೊಂಡಳು. ಅದರ ತಲೆ ಅವಳ ಪಾದದ ಕಡೆ ತುಸು ಬಾಗಿತ್ತು, ಬಾಯಿ ನೆಲದ ಕಡೆ ಇತ್ತು. ನೀರು ಹೊಯ್ದು ಅಂಗೈಯಿಂದ ಅದರ ಬೆನ್ನು ತಟ್ಟಿದಳು, ಮತ್ತೆ ಹೊಯ್ದು ಮತ್ತೆ ತಟ್ಟಿದಳು. ಕೂಸು ಸುಖಕ್ಕೆ ಕುಂಯ್ ಅಂದಿತು. ಅನ್ನಪೂರ್ಣಾ ಟವೆಲ್ ಹಿಡಿದು ನಿಂತೇ ಇದ್ದಳು.

ಶಟ್ಟೆವ್ವ ಕೂಸನ್ನು ಅಂಗಾತ ಮಾಡಿದಳು. ಹೊಳೆಯುವ ಒಳಲೆಗೆ ಎಣ್ಣೆ ಬಗ್ಗಿಸಿದಳು. ಎರಡು ಬೆರಳು ಮೂಗಿನ ಕಡೆ ಹೋದವು.

"ಬ್ಯಾಡ್ರಿ, ಅತ್ತಿ." ಅನ್ನಪೂರ್ಣಾ ಒಳಲೆ ಹಿಡಿದ ಕೈಯನ್ನು ಹಿಡಿದಳು. ಎಣ್ಣೆ ಶಟ್ಟೆವ್ವನ ಮೊಣಕಾಲ ಮೇಲೆ ಚೆಲ್ಲಿತು.

"ಯಾಕ?"

"ಅಲ್ಲಿ ಬ್ಯಾಡಂದಾರ."

"ಎಣ್ಣಿ ಬ್ಯಾಡಂದಾರೊ, ಮೂಗ ಹಿಡಿಯೂದ ಬ್ಯಾಡಂದಾರೊ?"

ಅನ್ನಪೂರ್ಣಾ ಕೂಸನ್ನು ಎತ್ತಿ ಟವೆಲ್ಲಿನಲ್ಲಿ ಸುತ್ತಿದಳು. ಶಟ್ಟೆವ್ವನ ಎರಡು ಬೆರಳು ಸಣ್ಣ ಮೂಗಿನಷ್ಟು ಅಂತರ ಬಿಟ್ಟುಕೊಂಡು ಹಾಗೇ ಗಾಳಿಯಲ್ಲಿ ಉಳಿದಿದ್ದವು.

"ಉಸರಿಗೆ ಸಿಕ್ರ ಏನ ಮಾಡಬೇಕಂತ?"

ಸುಳ್ಳು ಹೇಳಬಹುದಿತ್ತು. ಕೈಯಲ್ಲಿದ್ದ ಕೂಸು ಹೇಳಗೊಡಲಿಲ್ಲ.

"ಬೋರಲ ಹಾಕಬೇಕಂತ್ರಿ. ಬೆನ್ನಿಗೆ ಬಡೀಬೇಕಂತ."

"ಬೋರಲ. ಯಾತರ ಮ್ಯಾಲ?"

"ಕೈ ಮ್ಯಾಲ. ಇಲ್ಲಂದ್ರ..."

"ಇಲ್ಲಂದ್ರ?"

"ಕಾಲ ಮ್ಯಾಲ."

ಶಟ್ಟೆವ್ವ ತನ್ನ ಕಾಲು ನೋಡಿಕೊಂಡಳು. ಆಚೆ ಅಂದಾನೆಪ್ಪ ಗೋಡೆಯ ಮುಂದೆ ನಿಂತು, "ಏ ಬಸಲಿಂಗ್ಯಾ, ಸರ್ಟಿಫಿಕೇಟ ಎಡಕ್ಕ ವಾಲೇತಿ ನೋಡ," ಎನ್ನುತ್ತಿದ್ದ. ಬಸವಲಿಂಗ ಅದನ್ನು ಬಲಕ್ಕೆ ಸರಿಸಿದ. ಇಬ್ಬರೂ ಚಹಾಕ್ಕೆ ಹೋದರು.

ಕೂಸಿಗೆ ಅಂಗಿ ಹಾಕಿ ತೊಟ್ಟಿಲಿಗೆ ಹಾಕಿದ ಮೇಲೆ ಅನ್ನಪೂರ್ಣಾ ಬಚ್ಚಲಿಗೆ ಬಂದಳು. ಕೊಡದ ನೀರಿನ ಹಬೆ ಅಡಗಿತ್ತು.

"ಏಳ್ರಿ ಅತ್ತಿ, ನೀರ ಆರಿದ್ವು."

ಶಟ್ಟೆವ್ವ ಏಳಲಿಲ್ಲ. ಚಾಚಿದ ಕಾಲು ಹಾಗೇ ಇದ್ದವು. ತಂಬಿಗೆಯಲ್ಲಿ ನೀರು ಮೊಗೆದು, ಖಾಲಿ ಕಾಲ ಮೇಲೆ ಮೆಲ್ಲಗೆ, ಸಣ್ಣಗೆ ಹೊಯ್ಯುತ್ತಿದ್ದಳು. ಇನ್ನೊಂದು ಕೈ ಪಾದದ ಕಡೆ, ನೀರು ಮೂಗಿಗೆ ಹೋಗದ ಹಾಗೆ, ಅಡ್ಡ ಹಿಡಿದಿದ್ದಳು.